ಮೂರು ಮಡಿಕೆಯ ಚೀಟಿ

ಪಕ್ಷಪಾತ ಮಾಡದವರನ್ನು ಊರೆಲ್ಲ ಹೊಗಳುತ್ತದೆ. ಅಂಥವರ ಜೊತೆ ಒಂದೇ ಸೂರಿನಡಿ ಬಾಳುವುದು ಎಂಥ ಸಂಕಟ ಎಂಬುದನ್ನು ಮಾತ್ರ ಅವರ ಮನೆಯವರನ್ನೇ ಕೇಳಬೇಕು.

ತಕ್ಕಡಿಯಕ್ಕನ ಮನೆಯವರು ಎಂದರೆ ಒಬ್ಬಳೇ ತಂಗಿ. ಅಕ್ಕನಿಗೆ ಐವತ್ತಾರು, ತಂಗಿಗೆ ನಲವತ್ತೊಂಬತ್ತು. ಇಬ್ಬರಿಗೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ತಂಗಿಯೇ ನಗುತ್ತಾ ಹೇಳುತ್ತಿದ್ದಳು: "ನನಗೆ ಕಾಯಿಲೆ ಇತ್ತು, ಅಕ್ಕನಿಗೆ ನಾನಿದ್ದೆ." ತಾಯಿಯ ಕಡೆಯಿಂದ ಇಳಿದುಬಂದ ಕಾಯಿಲೆ ಅದು. ಮೊದಲು ಕಾಲಿನ ಮಾಂಸಖಂಡ ಸೊರಗುತ್ತದೆ, ಆಮೇಲೆ ಸೊಂಟ, ಆಮೇಲೆ ತೋಳು. ತಾಯಿಯನ್ನು ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಒಯ್ದಿತು. ಮಕ್ಕಳಲ್ಲಿ ಅಕ್ಕನನ್ನು ಬಿಟ್ಟು ತಂಗಿಯನ್ನು ಹಿಡಿಯಿತು.

ತಾಯಿ ಬದುಕಿದ್ದಾಗ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಒಂದು ಹಣ್ಣು ಇಬ್ಬರಿಗೆ ಅಂತಾದರೆ ಕತ್ತರಿಸುವುದು ದೊಡ್ಡವಳು, ಆರಿಸಿಕೊಳ್ಳುವುದು ಚಿಕ್ಕವಳು. ಕತ್ತರಿಸಿದವರು ಆರಿಸಬಾರದು. ದೊಡ್ಡವಳು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದ ಹಾಗೆ ಕತ್ತರಿಸುವುದನ್ನು ಕಲಿತದ್ದು ಅಲ್ಲಿಯೇ. ಮುಂದೆ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ರಕ್ತದ ಸೀಸೆಗಳಿಗೆ ಹೆಸರಿನ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿ, ಸಂಜೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿ, ವಿಭಾಗದ ಹಳೆಯ ಮುಖ್ಯಸ್ಥರ ಕೈಕೆಳಗೆ ಪಳಗಿದಳು; ಕೊನೆಗೆ ಅಲ್ಲಿನ ಎಲ್ಲ ಲೆಕ್ಕವೂ ಅವಳ ಮೇಜಿಗೇ ಬರುವಂತಾಯಿತು. ಆ ಮುಖ್ಯಸ್ಥರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಇವಳಿಗೆ ತಕ್ಕಡಿಯಕ್ಕ ಎಂದು ಹೆಸರಿಟ್ಟವರೂ ಅವರೇ.

ಅವಳ ಕೆಲಸವನ್ನು ವಿವರಿಸಿ ಹೇಳುವುದು ಕಷ್ಟವೇನಲ್ಲ. ಕಷ್ಟ ಎಂದು ಹೇಳಿಕೊಂಡು ಓಡಾಡುವವರು ಬೇರೆ ಇದ್ದಾರೆ. ಅವಳ ಕೋಣೆಯ ಗೋಡೆಯ ಮೇಲೆ ಬಿಳಿ ಹಲಗೆ, ಹಲಗೆಯ ಮೇಲೆ ಒಂಬತ್ತು ಚುಕ್ಕಿ. ಒಂದೊಂದು ಚುಕ್ಕಿಯೂ ಆ ಕಾಯಿಲೆಗೆ ಸಂಬಂಧಪಟ್ಟ ಒಂದೊಂದು ಜೀನ್. ಕೆಲವರ ಮೈಯಲ್ಲಿ ಒಂದು ಜೀನ್ ಜೋರಾಗಿ ಕೆಲಸ ಮಾಡುತ್ತದೆ, ಕೆಲವರಲ್ಲಿ ಮೆತ್ತಗೆ. ಎರಡು ಜೀನ್‌ಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಅವುಗಳ ನಡುವೆ ಸಂಬಂಧವಿದೆ ಎಂದು ಥಟ್ಟನೆ ಹೇಳಿಬಿಡಬಾರದು. ಅಕ್ಕಪಕ್ಕದ ಮನೆಯವರಿಬ್ಬರು ದಿನಾ ಒಂದೇ ಹೊತ್ತಿಗೆ ಹೊರಬಿದ್ದರೆ ಅವರಿಬ್ಬರಿಗೂ ಏನೋ ನಡೆದಿದೆ ಅಂತಲ್ಲ, ಇಬ್ಬರದೂ ಒಂದೇ ಬಸ್ಸು ಇರಬಹುದು. ಉಳಿದ ಏಳು ಜೀನ್‌ಗಳ ಮಾತನ್ನೂ ಕೇಳಿಯಾದ ಮೇಲೂ ಇವೆರಡರ ನಡುವೆ ಗುಟ್ಟೊಂದು ಉಳಿದಿದ್ದರೆ, ಆಗ ಗೆರೆ. ಒಂಬತ್ತು ಚುಕ್ಕಿಗಳ ನಡುವೆ ಎಳೆಯಬಹುದಾದ ಗೆರೆಗಳು ಮೂವತ್ತಾರು. ಪ್ರತಿ ಗೆರೆಯೂ ಇರಬಹುದು, ಇಲ್ಲದಿರಬಹುದು. ಹಾಗಾಗಿ ಬರೆಯಬಹುದಾದ ಚಿತ್ರಗಳು ಆರು ಸಾವಿರದ ಎಂಟುನೂರು ಕೋಟಿಗೂ ಮಿಕ್ಕು. ಅವುಗಳಲ್ಲಿ ಯಾವುದನ್ನು ನಂಬಬೇಕು, ಎಷ್ಟು ನಂಬಬೇಕು ಎಂದು ತೂಗಿ ಹೇಳುವವಳು ತಕ್ಕಡಿಯಕ್ಕ.

ಮೇಷ್ಟ್ರು ಕಲಿಸಿದ ಮೊದಲ ಪಾಠ: ರಕ್ತ ಮಾತಾಡುವ ಮೊದಲು ನೀನು ಮಾತಾಡಬೇಡ. ಯಾವ ಗೆರೆಯ ಮೇಲೂ ನಿನಗೆ ಮೊದಲೇ ಒಲವಿರಬಾರದು. ಪಂಕ್ತಿಭೇದ ಮಾಡದೆ ಎಲ್ಲವನ್ನೂ ಕೂರಿಸು.

ಹಾಗೆ ಹೊರಟರೆ ಒಂದು ತೊಡಕಿದೆ. ಏನೂ ಗೊತ್ತಿಲ್ಲದ ತಕ್ಕಡಿಗೆ ಸೊನ್ನೆ ಎಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ. ಅದಕ್ಕೇ ಒಟ್ಟು ರೋಗಿಗಳಲ್ಲಿ ಕೆಲವರನ್ನು ಮೊದಲೇ ಬೇರೆ ತೆಗೆದಿಡುತ್ತಾರೆ. ಅವರ ರಕ್ತ ತಕ್ಕಡಿಗೆ ಸೊನ್ನೆ ಕಲಿಸುತ್ತದೆ, ಉಳಿದವರ ರಕ್ತ ತೀರ್ಪು ಹೇಳುತ್ತದೆ. ಕಲಿಸಿದವರು ತೀರ್ಪಿಗೆ ಬರುವ ಹಾಗಿಲ್ಲ. ಇದನ್ನು ಕೇಳಿದ ದಿನ ಅವಳು ಮನೆಗೆ ಬಂದು, "ಅಮ್ಮ ಹೇಳಿದ್ದೇ ಕಣೇ, ಕತ್ತರಿಸಿದವರು ಆರಿಸಬಾರದು!" ಎಂದು ತಂಗಿಯ ಮುಂದೆ ಕುಣಿದಾಡಿದ್ದಳು.

ಆ ಕೆಲವರನ್ನು ಯಂತ್ರವೇ ಆರಿಸಬಹುದಿತ್ತು. ಮೇಷ್ಟ್ರು ಒಪ್ಪಲಿಲ್ಲ. ಯಂತ್ರದ ಹೊಟ್ಟೆಯಲ್ಲಿ ಏನು ನಡೆಯಿತು ಅಂತ ಯಾರಿಗೆ ಕಾಣುತ್ತದೆ? ನಾಲ್ಕು ಜನರ ಎದುರಿಗೆ ಚೀಟಿ ಎತ್ತಬೇಕು, ಎತ್ತುವವರಿಗೆ ಯಾವ ನಂಬರ್ ಯಾರದು ಎಂದು ಗೊತ್ತಿರಬಾರದು, ಕಣ್ಣಿಗೆ ಬಟ್ಟೆ ಕಟ್ಟಿರಬೇಕು. ಮೇಷ್ಟ್ರು ನಿವೃತ್ತರಾದರು, ತೀರಿಯೂ ಹೋದರು. ಚೀಟಿಯ ಪದ್ಧತಿ ಉಳಿಯಿತು. ಎತ್ತುತ್ತಿದ್ದವರು ಲಿಫ್ಟ್ ನಡೆಸುವವರು. ಚೀಟಿ ಮಡಿಸುತ್ತಿದ್ದವಳು ತಂಗಿ. ಮನೆಯ ಅಡುಗೆಮನೆಯ ಮೇಜಿನ ಮುಂದೆ ಕೂತು, ಪ್ರತಿ ಚೀಟಿಗೂ ಎರಡೇ ಮಡಿಕೆ, ಅಂಚಿಗೆ ಅಂಚು ಕೂರಿಸಿ ಮಡಿಸುತ್ತಿದ್ದಳು. ಕಾಲು ಕೈಕೊಟ್ಟಿದ್ದರೂ ಬೆರಳು ಇನ್ನೂ ಚುರುಕಾಗಿದ್ದವು. "ಆಸ್ಪತ್ರೆಯವರು ನನಗೂ ಸಂಬಳ ಕೊಡ್ಬೇಕು" ಎಂದು ತಮಾಷೆ ಮಾಡುತ್ತಿದ್ದಳು.

ತಂಗಿಯ ಹೊಟ್ಟೆಯಲ್ಲಿ ಒಂದು ಹಳೆಯ ಕಿಚ್ಚಿತ್ತು. ಆರು ವರ್ಷದ ಹಿಂದೆ ಯಾರೋ ದಾನಿಗಳು ವಿಭಾಗಕ್ಕೆ ಬ್ಯಾಟರಿಯ ಗಾಲಿಕುರ್ಚಿ ಮೂರು ಕೊಟ್ಟರು. ಬೇಕಾದವರು ನಲವತ್ತು ಜನ. ಹಂಚುವ ಜವಾಬ್ದಾರಿ ತಕ್ಕಡಿಯಕ್ಕನದು. ಒಂದು ಕುರ್ಚಿ ತನ್ನ ತಂಗಿಗೆ ಇರಲಿ ಎಂದಿದ್ದರೆ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಮಹಾತಾಯಿ ನಲವತ್ತು ಹೆಸರನ್ನೂ ಡಬ್ಬಿಗೆ ಹಾಕಿ ಚೀಟಿ ಎತ್ತಿಸಿದಳು. ತಂಗಿಯ ಹೆಸರು ಬರಲಿಲ್ಲ. ಮುಂದಿನ ಎರಡು ವರ್ಷ ತಂಗಿ ಗೋಡೆ ಹಿಡಿದೇ ನಡೆದಳು. ಎರಡು ಸಲ ಬಿದ್ದು ಮುಂಗೈ ಮುರಿದುಕೊಂಡಳು. ಅಕ್ಕ ಬ್ಯಾಂಡೇಜು ಬದಲಿಸುವಾಗ ತಂಗಿ ಏನೂ ಅನ್ನಲಿಲ್ಲ. ಅಕ್ಕ ಅದನ್ನು ಒಪ್ಪಿಗೆ ಎಂದುಕೊಂಡಳು. ಜಾಣರು ಎಡವುವುದು ಇಂಥ ಕಡೆಯೇ.

ಮೇಷ್ಟ್ರ ಜಾಗಕ್ಕೆ ಬಂದವರು ಒಬ್ಬ ಡಾಕ್ಟರು. ಹೊಸದಾಗಿ ಸೇರಿದಾಗ ಅವರಿಗೆ ಒಂದು ಕೋಷ್ಟಕ ಓದಲೂ ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳು ತಕ್ಕಡಿಯಕ್ಕ. ಮುಖ್ಯಸ್ಥರಾದ ಮೇಲೂ ಅವರು "ಅಕ್ಕ, ಅಕ್ಕ" ಎಂದೇ ಹಿಂದೆ ಮುಂದೆ ಸುತ್ತುತ್ತಿದ್ದರು. ತಂಗಿಯನ್ನು ಚಿಕ್ಕಕ್ಕ ಎನ್ನುತ್ತಿದ್ದರು. ಒಳ್ಳೆಯ ಮನುಷ್ಯ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಅವರ ಮೊಲ ಎಂದರೆ ನಾಲ್ಕನೆಯ ಚುಕ್ಕಿಗೂ ಏಳನೆಯ ಚುಕ್ಕಿಗೂ ನಡುವಿನ ಗೆರೆ. ನಾಲ್ಕನೆಯ ಜೀನ್ ಅನ್ನು ತಣಿಸುವ ಮಾತ್ರೆ ಬೇರೆ ಯಾವುದೋ ಕಾಯಿಲೆಗೆ ಆಗಲೇ ಬಳಕೆಯಲ್ಲಿತ್ತು. ಗೆರೆ ನಿಜವಾದರೆ ಅದೇ ಮಾತ್ರೆ ಏಳನೆಯದನ್ನೂ ತಣಿಸಿ ಮಾಂಸಖಂಡ ಸೊರಗುವುದನ್ನು ನಿಲ್ಲಿಸಬಹುದು. ಗೆರೆ ಸುಳ್ಳಾದರೆ ಆ ಮಾತ್ರೆಯಿಂದ ಪ್ರಯೋಜನವಿಲ್ಲ. ಯಕೃತ್ತು ಹಾಳಾಗುವುದೊಂದೇ ಲಾಭ.

ಎಂಬತ್ತನಾಲ್ಕು ರೋಗಿಗಳ ರಕ್ತ ಬಂದು, ಅಳೆದದ್ದೂ ಆಯಿತು. ಅವರಲ್ಲಿ ತಂಗಿಯೂ ಒಬ್ಬಳು. ಅವಳ ನಂಬರ್ ಎಷ್ಟು ಎಂದು ಅಕ್ಕ ಕೇಳಲಿಲ್ಲ. ಕೇಳಬಾರದು ಎಂಬುದು ನಿಯಮ. ಚೀಟಿ ಎತ್ತುವ ದಿನ ಲಿಫ್ಟಿನವರು ರಜೆ ಹಾಕಿದ್ದರು. ತಪಾಸಣೆಗೆ ಬಂದಿದ್ದ ತಂಗಿ ಅಲ್ಲೇ ಕೂತಿದ್ದಳು.

"ಚಿಕ್ಕಕ್ಕನ ಕೈಯಿಂದ್ಲೇ ಎತ್ತಿಸಿ ಅಕ್ಕ" ಎಂದರು ಡಾಕ್ಟರು. "ಅವರಿಗೆ ಉಳಿದವರ ನಂಬರ್ ಏನ್ ಗೊತ್ತು? ಅಲ್ದೆ, ಆ ಕೈಗಿಂತ ನಂಬಿಕೆಯ ಕೈ ಬೇಕಾ ನಿಮಗೆ?"

ಬೇಡ ಎನ್ನಬೇಕಿತ್ತು. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಅವಳು ರೋಗಿಯ ಕೈಗೆ ಡಬ್ಬಿ ಕೊಟ್ಟವಳಲ್ಲ. ಆದರೆ ಅವತ್ತು ತಂಗಿಯ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಉತ್ಸಾಹ ಕಂಡಿತು. ಅಕ್ಕನೇ ಅವಳ ಕಣ್ಣಿಗೆ ಟವೆಲ್ ಕಟ್ಟಿದಳು. ತಂಗಿಯ ಬೆರಳು ಡಬ್ಬಿಯೊಳಗೆ ಒಂದೊಂದು ಚೀಟಿಗೂ ಸ್ವಲ್ಪ ಹೆಚ್ಚೇ ಹೊತ್ತು ತಡಕಾಡಿದವು. ಅಯ್ಯೋ, ಕಾಯಿಲೆ ಕೈಗೂ ಇಳಿಯುತ್ತಿದೆಯಲ್ಲಾ ಎಂದುಕೊಂಡಳು ಅಕ್ಕ. ಹನ್ನೆರಡು ಚೀಟಿ ಎತ್ತಿದಂತೆಯೇ ಒಂದೊಂದನ್ನೂ ಬಿಚ್ಚಿ, ನಂಬರ್ ಬರೆದುಕೊಂಡು, ಮತ್ತೆ ಮಡಿಸಿ ಲಕೋಟೆಗೆ ಹಾಕಿದವರು ಡಾಕ್ಟರು. ಅಕ್ಕ ಲಕೋಟೆ ಅಂಟಿಸಿ ಅದರ ಮೇಲೆ ಸಹಿ ಹಾಕಿದಳು.

ಉಳಿದ ಎಪ್ಪತ್ತೆರಡು ಮಂದಿಯ ರಕ್ತ ತೀರ್ಪು ಹೇಳಿತು. ನಾಲ್ಕು–ಏಳರ ಗೆರೆ ಇದೆ ಎನ್ನಲು ನೂರಕ್ಕೆ ತೊಂಬತ್ತಮೂರರಷ್ಟು ನಂಬಿಕೆ. ತಕ್ಕಡಿಯಕ್ಕ ತನ್ನ ಜೀವಮಾನದಲ್ಲೇ ಮೊದಲ ಸಲ ಕುರ್ಚಿ ಬಿಟ್ಟೆದ್ದು ಕಾರಿಡಾರಿನಲ್ಲಿ ಓಡಿದಳು. ಮನೆಗೆ ಹೋಗಿ ತಂಗಿಯ ಕೆನ್ನೆ ಹಿಡಿದು, "ಗೆರೆ ಇದೆ ಕಣೇ! ಇದೆ!" ಎಂದು ಅತ್ತಳು. ತಂಗಿಯೂ ಅತ್ತಳು. ಮಾತ್ರೆಯ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ಮೊದಲ ತಂಡದಲ್ಲಿ ಮೂವತ್ತು ಜನ, ಅವರಲ್ಲಿ ತಂಗಿ. ಸೋಮವಾರ ಶುರು ಎಂದು ದಿನವೂ ಗೊತ್ತಾಯಿತು.

ಅದಕ್ಕೆ ಹತ್ತು ದಿನ ಮುಂಚೆ, ಗೆರೆಯ ಬಗ್ಗೆ ಡಾಕ್ಟರು ಕಳಿಸಿದ್ದ ಲೇಖನವನ್ನು ಪರಿಶೀಲಿಸುತ್ತಿದ್ದ ವೈದ್ಯಕೀಯ ಪತ್ರಿಕೆಯವರು ಒಂದು ಸಣ್ಣ ಕೋರಿಕೆ ಕಳಿಸಿದರು. ಬೇರೆ ಬೇರೆ ಹನ್ನೆರಡು ಮಂದಿಯನ್ನು ತೆಗೆದಿಟ್ಟು ಇಪ್ಪತ್ತು ಸಲ ಲೆಕ್ಕ ಮಾಡಿ ತೋರಿಸಿ ಎಂದು. ಇಪ್ಪತ್ತು ಸಲ ಚೀಟಿ ಎತ್ತಿಸುತ್ತಾ ಕೂರಲು ಪುರುಸೊತ್ತಿಲ್ಲದೆ ಅಕ್ಕ ಈ ಸಲ ಯಂತ್ರದಿಂದಲೇ ಆರಿಸಿದಳು. ಮೊದಲ ಸಲ ಗೆರೆಯ ನಂಬಿಕೆ ನೂರಕ್ಕೆ ಇಪ್ಪತ್ತೆಂಟಕ್ಕೆ ಬಿತ್ತು. ಎರಡನೆಯ ಸಲ ಮೂವತ್ತೊಂದು. ಮೂರನೆಯ ಸಲ ಇಪ್ಪತ್ತೆರಡು. ಇಪ್ಪತ್ತೂ ಸಲ ಗೆರೆ ನಿಲ್ಲಲಿಲ್ಲ.

ತನ್ನದೇ ತಪ್ಪು ಎಂದುಕೊಂಡಳು. ಮೂರು ದಿನ ಊಟ ನಿದ್ದೆ ಬಿಟ್ಟು ತನ್ನ ಲೆಕ್ಕವನ್ನು ಸಾಲು ಸಾಲಾಗಿ ತಿರುವಿಹಾಕಿದಳು. ಲೆಕ್ಕ ಸರಿಯಾಗಿಯೇ ಇತ್ತು. ಶುಕ್ರವಾರ ಬೆಳಿಗ್ಗೆ, ಬೇರೇನೂ ಉಳಿಯದೆ, ಬೀರುವಿನಿಂದ ಆ ಲಕೋಟೆ ತೆಗೆದು ಒಡೆದಳು. ಹನ್ನೆರಡು ಚೀಟಿ ಮೇಜಿನ ಮೇಲೆ ಬಿದ್ದವು. ನಂಬರ್ ಓದುವ ಮೊದಲೇ ಕಣ್ಣಿಗೆ ಹೊಡೆದದ್ದು ಮಡಿಕೆ. ಎಲ್ಲ ಹನ್ನೆರಡಕ್ಕೂ ಮೂರು ಮಡಿಕೆ. ಡಬ್ಬಿಯಲ್ಲಿ ಉಳಿದಿದ್ದ ಎಪ್ಪತ್ತೆರಡನ್ನೂ ಸುರಿದು ನೋಡಿದಳು. ಒಂದೊಂದಕ್ಕೂ ಎರಡೇ.

ಮೂರು ಮಡಿಕೆಯ ಚೀಟಿ ಸಣ್ಣಗೆ, ದಪ್ಪಗೆ ಇರುತ್ತದೆ. ಕಣ್ಣು ಕಟ್ಟಿದ್ದರೇನು, ಬೆರಳಿಗೆ ಸಿಗುತ್ತದೆ. ಅಂಚಿಗೆ ಅಂಚು ಕೂರಿಸಿದ ಆ ಮಡಿಕೆ ಯಾರದು ಎಂದು ಇನ್ನೊಬ್ಬರನ್ನು ಕೇಳಬೇಕಾಗಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆಮೇಲೆ ಆ ಹನ್ನೆರಡು ಮಂದಿಯ ರಕ್ತದ ಅಳತೆ ತೆಗೆದು ನೋಡಿದಳು. ಎಂಬತ್ತನಾಲ್ಕು ಜನರಲ್ಲಿ ನಾಲ್ಕು–ಏಳರ ಗೆರೆಯನ್ನು ಯಾರ ರಕ್ತ ಅತಿ ಗಟ್ಟಿಯಾಗಿ ಇಲ್ಲ ಎನ್ನುತ್ತಿತ್ತೋ ಅವರೇ ಆ ಹನ್ನೆರಡು ಜನ. ಎದುರು ಸಾಕ್ಷಿಗಳನ್ನೆಲ್ಲ ಸೊನ್ನೆ ಕಲಿಸುವ ಕೆಲಸಕ್ಕೆ ಕಳಿಸಿ, ತೀರ್ಪಿನ ಕಟ್ಟೆಯಿಂದ ಹೊರಗಿಟ್ಟಿದ್ದರು. ತಂಗಿಗೆ ಈ ಲೆಕ್ಕ ಬರುವುದಿಲ್ಲ. ಬರುವವರು ಒಬ್ಬರೇ, ಅವರಿಗೆ ಕಲಿಸಿದವಳು ತಾನೇ.

ಡಾಕ್ಟರ ಕೋಣೆಗೆ ಹೋಗಿ ಚೀಟಿಗಳನ್ನು ಅವರ ಮುಂದೆ ಇಟ್ಟಳು. ಅವರು ಸುಳ್ಳು ಹೇಳಲಿಲ್ಲ. ಅಷ್ಟರ ಮಟ್ಟಿಗೆ ಮರ್ಯಾದಸ್ಥರು.

"ಗೆರೆ ನಿಜ ಅಕ್ಕ. ನನಗೆ ಗೊತ್ತು. ರಕ್ತ ಇನ್ನೂ ಹೇಳಿಲ್ಲ ಅಷ್ಟೇ. ಇನ್ನೊಂದು ಇನ್ನೂರು ಜನ ಸಿಕ್ಕಿದ್ರೆ ಹೇಳೇ ಹೇಳುತ್ತೆ. ಅಷ್ಟ್ರಲ್ಲಿ ಇವರ ಕಾಲು ಹೋಗಿರುತ್ತೆ."

"ಇನ್ನೂರು ಜನ ಬರೋವರೆಗೆ ಕಾಯೋದು ಬಿಟ್ಟು ನನ್ನ ತಂಗಿ ಕೈಗೆ ಈ ಹನ್ನೆರಡರ ಪಟ್ಟಿ ಕೊಟ್ರಾ?"

"ಪಟ್ಟಿ ಕೊಟ್ಟಿದ್ದೂ ನಾನೇ, ಅವತ್ತು ಲಿಫ್ಟಿನವರಿಗೆ ರಜೆ ಕೊಡಿಸಿದ್ದೂ ನಾನೇ. ಆದರೆ ಚಿಕ್ಕಕ್ಕ ಯಾಕೆ ಅಂತ ಒಂದು ಮಾತೂ ಕೇಳ್ಲಿಲ್ಲ. ಕೊಡಿ ಅಂದ್ರು."

ರಕ್ತಕ್ಕೆ ಬಾಯಿ ಬರುವ ಮೊದಲೇ ಇವರಿಗೆ ಕೇಳಿಸಿತ್ತಂತೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಎಂದು ಬೈಯಬಹುದಿತ್ತು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಅಳಬಹುದಿತ್ತು. ಎರಡನ್ನೂ ಮಾಡಲಿಲ್ಲ. ಡಾಕ್ಟರು ಮೋಸ ಮಾಡಿದ್ದು ಸಿಟ್ಟು ತರಿಸಿತು; "ಕೊಡಿ ಅಂದ್ರು" ಎಂಬ ಒಂದು ಮಾತು ಮಾತ್ರ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು. ಚೀಟಿಗಳನ್ನು ಬಳಿದುಕೊಂಡು ಮನೆಗೆ ನಡೆದಳು.

ಮಧ್ಯಾಹ್ನ ಮೂರು ಗಂಟೆ. ತಂಗಿ ಅಡುಗೆಮನೆಯ ಮೇಜಿನ ಮುಂದೆ ಕೂತು ತರಕಾರಿ ಹೆಚ್ಚುತ್ತಿದ್ದಳು. ಅಕ್ಕ ಚೀಟಿಗಳನ್ನು ಒಂದೊಂದಾಗಿ ಅವಳ ಮುಂದೆ ಇಟ್ಟಳು. ತಂಗಿ ಚಾಕು ಕೆಳಗಿಟ್ಟಳು.

"ನೀನೇನಾ?"

"ಹೌದು, ನಾನೇ." ತಂಗಿ ತಲೆ ತಗ್ಗಿಸಲಿಲ್ಲ. "ಗಾಲಿಕುರ್ಚಿ ಚೀಟಿ ಎತ್ತಿಸ್ದಾಗ ನಾನು ಏನಾದ್ರೂ ಅಂದ್ನಾ? ನಲವತ್ತು ಜನರಲ್ಲಿ ಒಬ್ಳು ಅಂತ ನನ್ನ ಡಬ್ಬಿಗೆ ಹಾಕ್ದೆ. ನಿನ್ನ ಕಣ್ಣೆದುರಿಗೇ ಗೋಡೆ ಹಿಡ್ಕೊಂಡು ನಡೆದೆ. ಎಲ್ರಿಗೂ ಒಂದೇ ನ್ಯಾಯ ಅಂತೀಯಲ್ಲ, ಅಕ್ಕ, ನಾನು ನಿನಗೆ ಎಲ್ಲರ ಹಾಗೇನಾ? ಆ ಗೆರೆ ಮೇಲೆ ನಿನಗೆ ಒಂದು ಚೂರಾದ್ರೂ ಆಸೆ ಇರ್ಬಾರ್ದಿತ್ತಾ, ನನ್ನ ಕಾಲಿಗೋಸ್ಕರ?"

"ಇತ್ತು ಕಣೇ."

"ಇದ್ದಿದ್ರೆ ತೋರಿಸ್ಬೇಕಿತ್ತು."

ತಂಗಿ ಚೀಟಿಗಳ ನಡುವಿನಿಂದ ಒಂದನ್ನು ಎತ್ತಿಕೊಂಡಳು.

"ನೋಡು, ಇದು ನಂದು. ಮೂವತ್ತೇಳು. ಈ ಹನ್ನೆರಡು ಜನರ ರಕ್ತ ಬಹಳ ಚೊಕ್ಕ ಚಿಕ್ಕಕ್ಕ, ಇವರೇ ಕಲಿಸಿದ್ರೆ ತಕ್ಕಡಿ ಸರಿಯಾಗಿ ಕೂರುತ್ತೆ ಅಂದ್ರು ಡಾಕ್ಟ್ರು. ಪಟ್ಟಿಯಲ್ಲಿ ನನ್ನ ನಂಬರ್ ನೋಡಿ ಎಷ್ಟು ಖುಷಿ ಆಯ್ತು ಗೊತ್ತಾ? ಯಾವ ಚೀಟಿಲೂ ಬರದ ನಾನು ಇದ್ರಲ್ಲಾದ್ರೂ ಬಂದ್ನಲ್ಲ ಅಂತ."

ಅಕ್ಕ ಆ ಚೀಟಿಯನ್ನು ನೋಡಿದಳು, ತಂಗಿಯ ಮುಖವನ್ನು ನೋಡಿದಳು. ಮೂವತ್ತೇಳು. ಬೆಳಿಗ್ಗೆ ಆ ಅಳತೆಗಳನ್ನು ನೋಡುವಾಗ, ಗೆರೆಯನ್ನು ಎಲ್ಲರಿಗಿಂತ ಹೆಚ್ಚು ಖಡಾಖಂಡಿತವಾಗಿ ಇಲ್ಲ ಎನ್ನುತ್ತಿದ್ದ ನಂಬರ್ ಅದು.

ಹೇಳದೇ ಇರಬಹುದಿತ್ತು. ಇಷ್ಟು ವರ್ಷ ಕಂಡದ್ದನ್ನು ಕಂಡ ಹಾಗೆ ಹೇಳುತ್ತಾ ಬಂದವಳಿಗೆ ಆ ಒಂದು ಗಳಿಗೆ ಸುಳ್ಳು ಎಷ್ಟು ಸಲೀಸು ಎಂದು ತಿಳಿಯಿತು. ಆದರೆ ಸೋಮವಾರ ತಂಗಿ ಆ ಮಾತ್ರೆ ನುಂಗುವವಳಿದ್ದಳು.

"ಚೊಕ್ಕ ಅಂತ ಅಲ್ಲ ಕಣೇ" ಎಂದಳು. "ಗೆರೆ ಇಲ್ಲ ಅಂತ ಹೇಳೋರನ್ನೆಲ್ಲ ಹುಡುಕಿ ಹನ್ನೆರಡು ಮಾಡಿದಾರೆ. ತೀರ್ಪಿಗೆ ಬರದ ಹಾಗೆ. ನಿನ್ನ ಮೈಯಲ್ಲಿ ನಾಲ್ಕಕ್ಕೂ ಏಳಕ್ಕೂ ಸಂಬಂಧದ ಸುಳಿವೇ ಇಲ್ಲ. ಆ ಮಾತ್ರೆ ಇನ್ಯಾರಿಗಾದ್ರೂ ಆಗುತ್ತೋ ಏನೋ. ನಿನಗಂತೂ ಆಗೋ ಲಕ್ಷಣ ಇಲ್ಲ. ಅದು ಅವ್ರಿಗೆ ಗೊತ್ತಿತ್ತು."

ತಂಗಿ ಚೀಟಿಯನ್ನು ಮೇಜಿನ ಮೇಲೆ ಇಟ್ಟಳು. ಆಮೇಲೆ ಸಣ್ಣ ದನಿಯಲ್ಲಿ, "ನಂಬರ್ ಯಾರದು ಅಂತಾನೂ ಗೊತ್ತಿತ್ತಾ ಅವ್ರಿಗೆ?" ಎಂದಳು.

"ಗೊತ್ತಿತ್ತು. ಹೆಸರಿನ ಪಟ್ಟಿ ಇರೋದೇ ಅವ್ರ ಹತ್ರ."

"ಚಿಕ್ಕಕ್ಕ, ಚಿಕ್ಕಕ್ಕ ಅಂತಿದ್ರು" ಎಂದು ತಂಗಿ ಅಳತೊಡಗಿದಳು. ತನ್ನ ಕೈಯಾರೆ ಮೂರು ಮಡಿಕೆ ಹಾಕಿ, ತನ್ನ ಕೈಯಾರೆ ಎತ್ತಿ, ತನ್ನ ರಕ್ತದ ಬಾಯಿ ತಾನೇ ಮುಚ್ಚಿದ್ದಳು. ಅಕ್ಕ ಎದ್ದು ಅವಳನ್ನು ತಬ್ಬಿಕೊಳ್ಳಬೇಕಿತ್ತು. ಏಳಲಿಲ್ಲ. ಕರುಣೆ ಉಕ್ಕುತ್ತಿತ್ತು, ಅದರ ಮೇಲೆ ಕಲ್ಲು ಇಟ್ಟ ಹಾಗೆ ನೋವು ಕೂತಿತ್ತು.

"ಕೇಳಿದ್ಯಲ್ಲ, ಎಲ್ಲರ ಹಾಗೇನಾ ಅಂತ" ಎಂದಳು ಕೊನೆಗೆ. "ಎಲ್ಲರ ಹಾಗಲ್ಲ ಅಂತ್ಲೇ ಆವತ್ತು ಡಬ್ಬಿ ನಿನ್ನ ಕೈಗೆ ಕೊಟ್ಟಿದ್ದೆ."

ಅವತ್ತು ಸಂಜೆಯೇ ಅವಳು ಆಸ್ಪತ್ರೆಯ ಸಮಿತಿಗೆ ಪತ್ರ ಬರೆದಳು. ಡಾಕ್ಟರ ಪಟ್ಟಿ, ತಂಗಿಯ ಮಡಿಕೆ, ಎಲ್ಲವನ್ನೂ ಬರೆದಳು. ರೋಗಿಯ ಕೈಗೆ ಡಬ್ಬಿ ಕೊಟ್ಟ ತಪ್ಪು ನನ್ನದು ಎಂದೂ ಬರೆದಳು. ಮಾತ್ರೆಯ ಪ್ರಯೋಗ ನಿಂತಿತು, ಲೇಖನ ವಾಪಸಾಯಿತು. ಡಾಕ್ಟರನ್ನು ಬೇರೆ ವಿಭಾಗಕ್ಕೆ ಹಾಕಿದರು. ಅಲ್ಲಿ ಅವರಿಗೆ ಇದಕ್ಕಿಂತ ದೊಡ್ಡ ಕೋಣೆ ಸಿಕ್ಕಿತು. ಮೊದಲ ತಂಡದ ಉಳಿದ ರೋಗಿಗಳು ತಕ್ಕಡಿಯಕ್ಕನನ್ನು ಕಂಡರೆ ಮುಖ ತಿರುಗಿಸುವಂತಾದರು. ಆಸೆ ಕೊಟ್ಟವರನ್ನು ಯಾರೂ ಬೈಯಲಿಲ್ಲ, ಕಿತ್ತುಕೊಂಡವಳನ್ನೇ ಬೈದರು. ಲಿಫ್ಟಿನವರೊಬ್ಬರೇ ಮೊದಲಿನ ಹಾಗೆ, "ಬನ್ನಿ ಅಕ್ಕ, ಯಾವ ಮಹಡಿ?" ಎಂದು ಕೇಳುತ್ತಿದ್ದರು, ಗೊತ್ತಿದ್ದೂ.

ಎರಡು ತಿಂಗಳ ಮೇಲೆ, ಅದೇ ಲೆಕ್ಕವನ್ನು ಮೊದಲಿನಿಂದ ಮಾಡಲು ಎಂಬತ್ತನಾಲ್ಕು ಚೀಟಿ ಹೊಸದಾಗಿ ತಯಾರಾಗಬೇಕಾಯಿತು. ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂತು ತಾನೇ ಮಡಿಸತೊಡಗಿದಳು. ಅವಳ ಮಡಿಕೆ ಸೊಟ್ಟ. ತಂಗಿ ಎದುರಿಗೆ ಕೂತಿದ್ದಳು. ಅವರ ನಡುವೆ ಊಟದ ಮಾತು, ಔಷಧಿಯ ಮಾತು ಬಿಟ್ಟರೆ ಇನ್ನೊಂದು ಮಾತು ಈಗೀಗ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿ, ತಡೆಯಲಾರದೆ, ತಂಗಿ ಕೈ ಚಾಚಿ ಒಂದು ಚೀಟಿ ತೆಗೆದುಕೊಂಡು, ಅಂಚಿಗೆ ಅಂಚು ಕೂರಿಸಿ, ಎರಡು ಮಡಿಕೆ ಹಾಕಿ ರಾಶಿಯ ಮೇಲೆ ಇಟ್ಟಳು.

ಅಕ್ಕ ಅದನ್ನು ಎತ್ತಿಕೊಂಡು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತಾನೇ ಮತ್ತೊಮ್ಮೆ ಮಡಿಸಿದಳು.